ಮಧ್ಯದಲ್ಲಿ ಹತ್ತು ಜಿಬಿ ದಾರಿ

ಹದಿನೈದು ದಿನಕ್ಕೆಂದು ಬಂದವರು ಹನ್ನೊಂದು ತಿಂಗಳು ಉಳಿದರೆ ಅವರನ್ನು ನೆಂಟರೆನ್ನಲು ಆಗುವುದಿಲ್ಲ, ಮನೆಯವರೆನ್ನಲು ಅವರೇ ಬಿಡುವುದಿಲ್ಲ. ಸರ್ವೇಯರನ ತಂಗಿಯ ಸ್ಥಿತಿ ಅದೇ ಆಗಿತ್ತು. ಹದಿನೇಳು ವರ್ಷ ಅವಳು ಟೈಪು ಮಾಡಿದ ಆಫೀಸು ಒಂದು ಸೋಮವಾರ ಬಾಗಿಲು ತೆರೆಯಲಿಲ್ಲ. ಗಾಯದ ಮೇಲೆ ಬರೆ ಎಳೆದಂತೆ, ಬಾಡಿಗೆಗಿದ್ದ ಕಟ್ಟಡವನ್ನೂ ಅದೇ ತಿಂಗಳು ಕೆಡವಲು ಶುರುಮಾಡಿದರು. ಎರಡು ಸೂಟ್‌ಕೇಸು ಮತ್ತು ಒಂದು ಮಡಚುವ ಮಂಚದ ಸಮೇತ ಅಣ್ಣನ ಮೂರನೆಯ ಮಹಡಿಯ ಮನೆಗೆ ಬಂದಳು. ಮಂಚ ಹಾಕಲು ಜಾಗವಿದ್ದದ್ದು ಅಣ್ಣನ ಕೆಲಸದ ಕೋಣೆಯಲ್ಲಿ ಮಾತ್ರ. ಅಂದಿನಿಂದ ಬೆಳಿಗ್ಗೆ ಆರಕ್ಕೆ ಮಂಚ ಮಡಚಿಕೊಂಡು ಬೀರುವಿನ ಹಿಂದೆ ಹೋಗುತ್ತದೆ, ಕೋಣೆ ಅಣ್ಣನದಾಗುತ್ತದೆ. ರಾತ್ರಿ ಹತ್ತಕ್ಕೆ ನಕ್ಷೆಗಳು ಸುರುಳಿ ಸುತ್ತಿಕೊಂಡು ಮೂಲೆ ಸೇರುತ್ತವೆ, ಕೋಣೆ ತಂಗಿಯದಾಗುತ್ತದೆ. ಇಷ್ಟು ದಿನದಲ್ಲಿ ಯಾರೂ ಯಾರಿಗೂ ಒಂದು ಮಾತು ಅಂದದ್ದಿಲ್ಲ. ಕಷ್ಟವೇ ಅದು. ಅಂದಿದ್ದರೆ ಅವಳು ಎಂದೋ ಹೊರಟುಬಿಡುತ್ತಿದ್ದಳು.

ಚಿಕ್ಕಂದಿನಲ್ಲಿ ಅವಳಿಗೆ ಅಣ್ಣ ಇಟ್ಟ ಹೆಸರು ಗಿರಗಿಟ್ಲೆ. ನಲವತ್ತಮೂರಾದರೂ ಆ ಹೆಸರಿಗೆ ಅವಳು ಮೋಸ ಮಾಡಿರಲಿಲ್ಲ. ಹಗಲಿಗೆ ಕೋಣೆಯಿಲ್ಲದ್ದರಿಂದ ಇಡೀ ಮನೆಯೇ ಅವಳ ಓಡಾಟಕ್ಕೆ ಬಯಲಾಗಿತ್ತು. ಒಣಗಿದ ಬಟ್ಟೆಯನ್ನು ತಿರುಗಿಸಿ ಒಣಹಾಕುವಳು, ಮಡಚಿದ್ದನ್ನು ಬಿಡಿಸಿ ಮಡಚುವಳು, ಅಂಚೆಯೇನೂ ಬರದ ಹೊತ್ತಿನಲ್ಲಿ ಮೂರು ಮಹಡಿ ಇಳಿದು ಅಂಚೆಪೆಟ್ಟಿಗೆ ನೋಡಿ ಬರುವಳು.

“ಒಂದು ಕಡೆ ಕೂತ್ಕೊಳ್ಳೇ. ನೀನು ಸುತ್ತೋದು ನೋಡಿ ನನಗೆ ತಲೆ ತಿರುಗುತ್ತೆ,” ಎಂದು ಅತ್ತಿಗೆ ದಿನಕ್ಕೆರಡು ಸಲವಾದರೂ ಹೇಳುತ್ತಿದ್ದಳು. ಅತ್ತಿಗೆ ಆಸ್ಪತ್ರೆಯೊಂದರ ಔಷಧಿ ಕೌಂಟರಿನಲ್ಲಿ ಸಂಜೆ ಪಾಳಿಯವಳು. ನಿಂತು ನಿಂತು ಬಂದವಳಿಗೆ, ಕೂರಲು ಕುರ್ಚಿಯಿದ್ದೂ ನಿಲ್ಲುವವರನ್ನು ಕಂಡರೆ ಸಿಟ್ಟು.

ಆ ದಿನ ತಂಗಿ ಸುತ್ತುತ್ತಿದ್ದುದಕ್ಕೆ ಕಾರಣವಿತ್ತು. ಮಧ್ಯಾಹ್ನ ನಾಲ್ಕಕ್ಕೆ ಅವಳಿಗೊಂದು ಪರೀಕ್ಷೆ. ರೋಗಿಗಳನ್ನು ನೋಡಿದ ಡಾಕ್ಟರುಗಳು ತಮ್ಮ ಟಿಪ್ಪಣಿಯನ್ನು ಬರೆಯುವುದಿಲ್ಲ, ಮಾತಾಡಿ ರೆಕಾರ್ಡು ಮಾಡುತ್ತಾರೆ. ಅದನ್ನು ಕೇಳಿ ಟೈಪು ಮಾಡಿಕೊಡುವ ಕಂಪನಿಯೊಂದು ಮನೆಯಿಂದಲೇ ಕೆಲಸ ಮಾಡುವವರನ್ನು ಹುಡುಕುತ್ತಿತ್ತು. ರೆಕಾರ್ಡನ್ನು ನಿಲ್ಲಿಸಲು, ಹಿಂದಕ್ಕೆ ಓಡಿಸಲು ಕಾಲಲ್ಲಿ ಒತ್ತುವ ಪೆಡಲ್ ಒಂದನ್ನು ಕೊರಿಯರಿನಲ್ಲಿ ಕಳಿಸಿಯೂ ಆಗಿತ್ತು. ಪರೀಕ್ಷೆ ತಪ್ಪಿಸಿಕೊಂಡವರು ಮತ್ತೆ ಅರ್ಜಿ ಹಾಕಬೇಕಾದರೆ ಆರು ತಿಂಗಳು ಕಾಯಬೇಕು. ಕಂಪನಿಯ ಪ್ರೋಗ್ರಾಮು ಓಡುವುದು ಅಣ್ಣನ ಕಂಪ್ಯೂಟರಿನಲ್ಲಿದ್ದ ಆಪರೇಟಿಂಗ್ ಸಿಸ್ಟಮ್ಮಿನ ಮೇಲಲ್ಲ. ಅದಕ್ಕೆ ಬೇರೆಯದೇ ಬೇಕು, ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಪುಕ್ಕಟೆಯ ಒಂದು. ಅಣ್ಣನ ನಕ್ಷೆ ಬರೆಯುವ ಪ್ರೋಗ್ರಾಮಾದರೋ ಹಳೆಯದರ ಮೇಲೆ ಮಾತ್ರ ಓಡುತ್ತದೆ. ಅದನ್ನು ಮಾಡಿದವರು ಅಂಗಡಿ ಮುಚ್ಚಿ ಏಳು ವರ್ಷವಾಗಿತ್ತು, ಒಮ್ಮೆ ಅಳಿಸಿದರೆ ಮತ್ತೆ ಹಾಕಲು ಸಿಗುವುದಿಲ್ಲ. ಹಾಗಾಗಿ ಇದ್ದ ದಾರಿ ಒಂದೇ: ಒಂದೇ ಡಿಸ್ಕಿನಲ್ಲಿ ಎರಡನ್ನೂ ಇಟ್ಟುಕೊಳ್ಳುವುದು. ಯಂತ್ರ ಎದ್ದಾಗ ‘ಯಾವುದು ಬೇಕು’ ಎಂದು ಕೇಳಬೇಕು, ಹೇಳಿದ್ದನ್ನು ಎಬ್ಬಿಸಬೇಕು, ಇನ್ನೊಂದು ಮಲಗಿರಬೇಕು.

ಇದೆಲ್ಲ ಅವಳಿಗೆ ಎಂಟು ದಿನದಿಂದ ಗೊತ್ತಿತ್ತು. ಎಂಟು ದಿನವೂ ಕೋಣೆಯ ಬಾಗಿಲವರೆಗೆ ಹೋಗಿ, ಅಣ್ಣನ ಬೆನ್ನು ನೋಡಿ, “ನೀರು ಬೇಕಾ?” ಎಂದು ಕೇಳಿ ಹಿಂತಿರುಗಿದ್ದಳು. ಸರ್ವೇಯರ್ ಆ ವಾರ ಅಗತ್ಯಕ್ಕಿಂತ ತುಂಬಾ ಹೆಚ್ಚು ನೀರು ಕುಡಿದ. ಕೊನೆಗೆ ಹಿಂದಿನ ದಿನ ಊಟದ ತಟ್ಟೆಯ ಮುಂದೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ್ದಳು.

ಸರ್ವೇಯರ್ ಅಗಿಯುವುದನ್ನು ನಿಲ್ಲಿಸಿದ್ದ. “ಅಂದ್ರೆ ಹಿಸ್ಸೆ ಮಾಡ್ಬೇಕು ಅನ್ನು.”

“ಹೂಂ. ಒಂಥರಾ ಹಾಗೇನೆ.”

“ಒಂಥರಾ ಏನು, ಹಿಸ್ಸೆನೇ.” ಅವನ ಮುಖ ಅರಳಿತ್ತು. “ಇಪ್ಪತ್ತೆಂಟು ವರ್ಷದಿಂದ ಅಣ್ಣತಮ್ಮಂದಿರ ಮಧ್ಯೆ ಗೆರೆ ಎಳೀತಾ ಇದ್ದೀನಿ. ಒಂದು ಡಿಸ್ಕ್ ಯಾವ ಮಹಾ.”

“ಅಣ್ಣತಮ್ಮಂದಿರದು ಸರಿ. ಅಣ್ಣತಂಗೀದು ಎಷ್ಟು ಮಾಡಿದ್ದೀರಿ?” ಎಂದು ಅತ್ತಿಗೆ ಕೇಳಿದ್ದಳು.

ಈಗ ಹನ್ನೊಂದೂಕಾಲು. ಕಂಪನಿ ಕಳಿಸಿದ ಸೂಚನೆಗಳು ಒಂಬತ್ತು ಹಾಳೆ ಇದ್ದವು, ಅವುಗಳ ಮೊದಲ ಹಾಳೆಯಲ್ಲಿ ದಪ್ಪಕ್ಷರದಲ್ಲಿ: ಮೊದಲು ನಿಮ್ಮ ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳಿ.

“ಕಾಪಿ ಇದೆಯೇನ್ರೀ?” ಅತ್ತಿಗೆ ಬಾಗಿಲಿಗೆ ಒರಗಿ ಕೇಳಿದಳು.

“ಇದೆ.” ಅವನು ತಿರುಗಲಿಲ್ಲ.

“ಎಲ್ಲದಕ್ಕೂ?”

“ಇದೆ ಅಂದ್ನಲ್ಲೇ.”

ಹಳೆಯ ನಕ್ಷೆಯೊಂದರ ಬೆನ್ನಿಗೆ ಅವನು ಪೆನ್ಸಿಲಿನಲ್ಲಿ ಉದ್ದನೆಯ ಚೌಕ ಬರೆದ. ಒಳಗೆ ‘ಒಟ್ಟು 500’ ಎಂದು ಬರೆದು ಅಡಿಗೆರೆ ಎಳೆದ. ಎಡಕ್ಕೆ ಏನು, ಬಲಕ್ಕೆ ಏನು ಎಂದು ಗುರುತು ಹಾಕಿದ. ಸುತ್ತಲ ಗಡಿಯ ಚೆಕ್ಕುಬಂದಿ ಬರೆಯದೆ ಅವನು ಯಾವುದನ್ನೂ ಮುಟ್ಟಿದವನಲ್ಲ. ತನ್ನ ಮದುವೆಯ ಮಂಟಪದ ಉದ್ದಗಲ ಅವನಿಗೆ ಇವತ್ತಿಗೂ ಬಾಯಿಪಾಠ, ಮದುವೆಯ ತಾರೀಖು ಮಾತ್ರ ನೆನಪಿಸಬೇಕು.

“ನಿನಗೆಷ್ಟು ಬೇಕು?”

“ಸಾಕಾಗೋಷ್ಟು.” ತಂಗಿ ಕಿಟಕಿಯ ಬಳಿಯಿಂದ ಬೀರುವಿನ ಬಳಿ ಬಂದಿದ್ದಳು.

“ಸಾಕಾಗೋಷ್ಟು ಅನ್ನೋದು ಅಳತೆ ಅಲ್ಲ.”

“ಮೂವತ್ತು ಜಿಬಿ. ಅವರು ಇಪ್ಪತ್ತೈದು ಇದ್ರೆ ನಡೆಯುತ್ತೆ ಅಂದಿದ್ದಾರೆ.”

“ಮೂವತ್ತರಲ್ಲಿ ಕಾಲು ಚಾಚೋಕಾಗುತ್ತಾ?”

“ಹಾಸಿಗೆ ಇದ್ದಷ್ಟು ಚಾಚ್ತೀನಿ.”

“ಗಾದೆ ಎಲ್ಲಾ ಬೇಡ. ಅರ್ಧ ಅರ್ಧ. ಅದೇ ನ್ಯಾಯ.”

“ಅರ್ಧ ಯಾಕಣ್ಣಾ? ನಿನ್ನ ನಕ್ಷೆಗಳೇ ಇನ್ನೂರ ಹತ್ತು ಜಿಬಿ ತಿಂದಿವೆ. ನಿನಗೇ ಉಸಿರಾಡೋಕೆ ಜಾಗ ಇರಲ್ಲ. ನನಗೆ ಅಷ್ಟೊಂದು ಏನಕ್ಕೆ, ನಾನೇನು ಇಲ್ಲೇ ಇರ್ತೀನಾ.”

ಮಾತು ಬಾಯಿಂದ ಜಾರಿದ್ದು ಅವಳಿಗೆ ಗೊತ್ತಾದದ್ದು, ಅಡುಗೆಮನೆಯಲ್ಲಿ ನಲ್ಲಿ ನಿಂತಾಗ. ಅತ್ತಿಗೆ ನೀರು ನಿಲ್ಲಿಸಿ ಕೇಳುತ್ತಿದ್ದಳು. ಸರ್ವೇಯರ್ ಪೆನ್ಸಿಲಿನ ತುದಿ ನೋಡಿದ.

“ಎಲ್ಲಿಗೆ ಹೋಗ್ತೀಯ?”

“ಎಲ್ಲಿಗೂ ಇಲ್ಲ. ಈ ಕೆಲಸ ಸಿಕ್ಕಿದ್ರೆ ಅಷ್ಟೆ. ಎರಡು ಬೀದಿ ಆಚೆ. ಒಂದು ಕೋಣೆ.”

“ನೋಡಿದ್ದೀಯ?”

“ನೋಡಿದ್ದೀನಿ.”

“ಒಬ್ಬಳೇ?”

ಅವಳು ಅಡುಗೆಮನೆಯ ಕಡೆ ನೋಡಿದಳು. ಅತ್ತಿಗೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. “ನಾನೂ ಹೋಗಿದ್ದೆ ಜೊತೇಲಿ. ಒಂಟಿ ಹೆಂಗಸು ಅಂತ ಮನೆ ಮಾಲೀಕರು ಏನೇನೋ ಕೇಳ್ತಾರೆ ಅಂತ.”

“ನಿನಗೂ ಗೊತ್ತಿತ್ತು.”

“ನೀವು ಇಡೀ ದಿನ ಅಳತೆ ಮಾಡ್ತಾ ಇರ್ತೀರಿ. ಪಕ್ಕದಲ್ಲಿ ಇರೋರು ಎಷ್ಟು ಉದ್ದ ಬೆಳೆದಿದ್ದಾರೆ ಅಂತ ಯಾವಾಗ ನೋಡ್ತೀರಿ?”

ಸರ್ವೇಯರ್ ಪೆನ್ಸಿಲನ್ನು ಮೊನೆ ಮಾಡಿದ. ಮೊನೆ ಆಗಲೇ ಚೂಪಾಗಿತ್ತು, ಇನ್ನಷ್ಟು ಮಾಡಿದ. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ತನ್ನ ಹಳೆಯ ಸಿಸ್ಟಮ್ಮಿನ ಜಾಗವನ್ನು ಕುಗ್ಗಿಸುವ ಕೆಲಸಕ್ಕೆ ಕೈಹಾಕಿದ. ಅದು ಇಪ್ಪತ್ತೆರಡು ನಿಮಿಷ ತೆಗೆದುಕೊಂಡಿತು. ಅಷ್ಟರಲ್ಲಿ ತಂಗಿ ಎರಡು ಸಲ ಕೆಳಗಿಳಿದು ಅಂಚೆಪೆಟ್ಟಿಗೆ ನೋಡಿದಳು. ಮೊದಲನೆಯ ಸಲ ಯಾವುದೋ ಪೇಂಟಿನ ಅಂಗಡಿಯ ಕರಪತ್ರವಿತ್ತು, ಎರಡನೆಯ ಸಲ ಅದೂ ಇರಲಿಲ್ಲ.

ಪೆನ್‌ಡ್ರೈವಿನಿಂದ ಹೊಸ ಸಿಸ್ಟಮ್ ಎದ್ದಾಗ ಹನ್ನೆರಡೂವರೆ. ಅದು ಮೊದಲು ಕೇಳಿದ್ದು ಭಾಷೆ.

“ನಮ್ಮ ಭಾಷೇನೂ ಇದೆ ನೋಡ್ರೀ,” ಎಂದಳು ಅತ್ತಿಗೆ. “ಅದನ್ನೇ ಒತ್ತಿ. ಅರ್ಥ ಆಗುತ್ತೆ.”

ಆ ದಿನದ ಮೊದಲ ತಪ್ಪು ಅದು. ಅದನ್ನು ಅನುವಾದಿಸಿದವರು ಘನ ವಿದ್ವಾಂಸರಿರಬೇಕು. ಯಾರ ಮೇಲಿನ ಸಿಟ್ಟನ್ನೋ ಶಬ್ದಗಳ ಮೇಲೆ ತೀರಿಸಿಕೊಂಡಿದ್ದರು. ‘ವಿಭಜನಾ ಕೋಷ್ಟಕ’ ಎಂದಿತು ಪರದೆ. ‘ಆರೋಹಣ ಬಿಂದು’ ಎಂದಿತು.

“ಆರೋಹಣ ಅಂದ್ರೆ?” ಅತ್ತಿಗೆ ಕೇಳಿದಳು.

“ಹತ್ತೋದು,” ಎಂದಳು ತಂಗಿ.

“ಬಿಂದು ಮೇಲೆ ಯಾರು ಹತ್ತುತ್ತಾರೆ?”

“ಅತ್ತಿಗೆ, ಟೈಮಿಲ್ಲ.”

ಮುಂದಿನ ಪುಟದಲ್ಲಿ ಮೂರು ಆಯ್ಕೆಗಳಿದ್ದವು. ಇಡೀ ಡಿಸ್ಕನ್ನು ಅಳಿಸಿ ಹೊಸದನ್ನು ಹಾಕುವುದು ಒಂದು. ಇದ್ದುದರ ಪಕ್ಕದಲ್ಲಿ ತಾನೇ ಜಾಗ ಮಾಡಿಕೊಂಡು ಕೂರುವುದು ಇನ್ನೊಂದು. ‘ಬೇರೆ ಏನಾದರೂ’ ಎಂಬುದು ಮೂರನೆಯದು. ಕಂಪನಿಯ ಹಾಳೆ ಎರಡನೆಯದನ್ನೇ ಒತ್ತಿರೆಂದು ಕೈಮುಗಿದು ಕೇಳಿಕೊಂಡಿತ್ತು. ಸರ್ವೇಯರ್ ಮೂರನೆಯದನ್ನು ಒತ್ತಿದ.

“ಅಣ್ಣಾ.”

“ಹಿಸ್ಸೆ ಮಾಡೋದನ್ನ ಯಂತ್ರಕ್ಕೆ ಬಿಟ್ಟು ನಾನು ಪಕ್ಕದಲ್ಲಿ ಕೂತ್ಕೊಳ್ಳಾ? ನಾಳೆ ನನ್ನ ಮುಖ ನಾನು ಹೇಗೆ ನೋಡ್ಕೊಳ್ಳಲಿ?”

ಖಾಲಿ ಜಾಗ ಇನ್ನೂರ ಐವತ್ತೈದು ಎಂದು ತೋರಿಸುತ್ತಿತ್ತು. ಅವನು ತಂಗಿಯ ಭಾಗಕ್ಕೆ ಇನ್ನೂರ ನಲವತ್ತೈದು ಎಂದು ಒತ್ತಿ, ಎಲ್ಲಿಂದ ಶುರುವಾಗಬೇಕು ಎಂಬಲ್ಲಿ ‘ಈ ಜಾಗದ ಕೊನೆಯಲ್ಲಿ’ ಎಂದು ಆರಿಸಿದ. ಪರದೆಯ ಮೇಲಿನ ಉದ್ದ ಪಟ್ಟಿಯಲ್ಲಿ ಎಡಕ್ಕೆ ಅವನದು ಮೂಡಿತು, ಬಲಕ್ಕೆ ಅವಳದು. ನಡುವೆ ಬೂದು ಬಣ್ಣದ ಒಂದು ಸಣ್ಣ ಸೀಳು ಉಳಿಯಿತು.

“ಇದೇನಣ್ಣಾ ಮಧ್ಯದಲ್ಲಿ?”

“ದಾರಿ.”

“ದಾರಿ?”

“ಹತ್ತು ಜಿಬಿ. ನನ್ನ ಕಡೆಯಿಂದ ಐದು, ನಿನ್ನ ಕಡೆಯಿಂದ ಐದು.”

“ಯಾರು ಓಡಾಡೋಕೆ?”

“ಯಾರಾದ್ರೂ. ದಾರಿ ಬಿಡದೆ ಮಾಡಿದ ಹಿಸ್ಸೆ ಹತ್ತು ವರ್ಷದೊಳಗೆ ಕೋರ್ಟಿಗೆ ಬರುತ್ತೆ. ಎಷ್ಟು ನೋಡಿಲ್ಲ ನಾನು. ಒಬ್ಬನ ಹಿತ್ತಲು ದಾಟಿ ಇನ್ನೊಬ್ಬ ಹೋಗ್ಬೇಕು. ಮೊದಲು ನಗ್ತಾ ಹೋಗ್ತಾರೆ. ಆಮೇಲೆ ಕೆಮ್ಮಿ ಹೋಗ್ತಾರೆ. ಆಮೇಲೆ ಬೇಲಿ.”

“ಡಿಸ್ಕಲ್ಲಿ ದಾರಿ ಇರಲ್ಲಣ್ಣಾ. ಅದು ಸುಮ್ನೆ ಖಾಲಿ ಬಿದ್ದಿರುತ್ತೆ.”

“ಬಿದ್ದಿರ್ಲಿ. ಅದಕ್ಕೇನು ಅನ್ನ ಹಾಕ್ಬೇಕಾ?”

ಒಂಬತ್ತು ಹಾಳೆಗಳಲ್ಲಿ ಎಲ್ಲಿಯೂ ದಾರಿ ಬಿಡಬಾರದೆಂದು ಇರಲಿಲ್ಲ. ಬರೆದವರಿಗೆ ಇಂಥದ್ದೊಂದು ಹೊಳೆದಿರಲೂ ಇಲ್ಲ. ದಾರಿ ಉಳಿಯಿತು. ‘ಸ್ಥಾಪಿಸು’ ಒತ್ತಿದಾಗ ಕೆಂಪು ಚೌಕವೊಂದು ಎದ್ದಿತು: ಬೇರು ಕಡತ ವ್ಯವಸ್ಥೆಯನ್ನು ನಿರೂಪಿಸಲಾಗಿಲ್ಲ.

ತಂಗಿ ಅದನ್ನು ಮೂರು ಸಲ ಓದಿದಳು, ಮೂರನೆಯ ಸಲ ಗಟ್ಟಿಯಾಗಿ.

“ಬೇರಿಲ್ವಂತೆ,” ಎಂದ ಸರ್ವೇಯರ್. ಅದನ್ನು ಯಾರ ಬಗ್ಗೆ ಹೇಳಿದನೆಂದು ಸ್ಪಷ್ಟವಾಗಲಿಲ್ಲ.

ಒಂದು ಗಂಟೆ ಐದು ನಿಮಿಷ. ಅವಳು ಹಾಳೆಗಳನ್ನು ಹಿಂದೆ ಮುಂದೆ ತಿರುವಿದಳು. ಬೀರುವಿನಿಂದ ಕಿಟಕಿಗೆ, ಕಿಟಕಿಯಿಂದ ಬೀರುವಿಗೆ ಹೋದಳು. ‘ಬೇರು’ ಎಂಬುದು ಹಾಳೆಯಲ್ಲಿ ಎಲ್ಲಿಯೂ ಇಲ್ಲ, ಯಾಕೆಂದರೆ ಹಾಳೆ ಬರೆದವರು ನಮ್ಮ ಭಾಷೆಯನ್ನು ಆರಿಸಿರಲಿಲ್ಲ. ಕೊನೆಗೆ ಪತ್ತೆ ಹಚ್ಚಿದವಳು ಅತ್ತಿಗೆ. ಆರೋಹಣ ಬಿಂದುವಿನ ಪಟ್ಟಿಯನ್ನು ಕೆಳಗೆಳೆದು, ಉದ್ದುದ್ದ ಹೆಸರುಗಳ ನಡುವೆ ಒಂಟಿಯಾಗಿ ನಿಂತಿದ್ದ ಓರೆ ಗೀಟೊಂದರ ಮೇಲೆ ಬೆರಳಿಟ್ಟಳು.

“ಇದೇ ಇರ್ಬೇಕು.”

“ಬೇರು ಅಂದ್ರೆ ಒಂದು ಗೀಟಾ?”

“ಡಾಕ್ಟರ ಚೀಟೀಲಿ ಇನ್ನೇನಿರುತ್ತೆ? ಒಂದು ಗೀಟು ಎಳೆದ್ರೆ ದಿನಕ್ಕೆ ಒಂದು ಮಾತ್ರೆ ಅಂತ ನಾವೇ ತಿಳ್ಕೋಬೇಕು. ಉದ್ದ ಹೆಸರು ಇರೋರೆಲ್ಲ ಎಲೆ ಕಣೆ. ಹೆಸರಿಲ್ಲದೇ ಇರೋದೇ ಬೇರು.”

ಗೀಟನ್ನು ಆರಿಸಿದ ಮೇಲೆ ಯಂತ್ರ ಒಪ್ಪಿಕೊಂಡಿತು.

ಹಸಿರು ಪಟ್ಟಿ ತೆವಳತೊಡಗಿತು. ಹದಿನಾಲ್ಕು ಶೇಕಡಾ. ಹತ್ತೊಂಬತ್ತು. ತಂಗಿ ಪೆಡಲನ್ನು ಮೇಜಿನ ಕೆಳಗಿಟ್ಟಳು, ತೆಗೆದಳು, ಬಲಕ್ಕಿಟ್ಟಳು. ಮೂವತ್ತೆಂಟಕ್ಕೆ ಬಂದು ಪಟ್ಟಿ ನಿಂತಿತು. ನಿಂತೇ ಇತ್ತು. ಅವಳು ಬಟ್ಟೆಯ ತಂತಿಯಿಂದ ಎಲ್ಲವನ್ನೂ ಎಳೆದುಕೊಂಡು ಬಂದು ನೆಲದ ಮೇಲೆ ಹರವಿಕೊಂಡು ಮಡಚಲು ಕೂತಳು. ಮಡಚುತ್ತಲೇ ಔಷಧಿಗಳ ಹೆಸರನ್ನು ಗುನುಗಿದಳು. ಆರು ವಾರದಿಂದ ಅತ್ತಿಗೆ ಕೌಂಟರಿನಿಂದ ಖಾಲಿ ಮಾತ್ರೆ ಪಟ್ಟಿಗಳನ್ನು ತಂದು ಅವಳಿಗೆ ಹೆಸರು ಕಲಿಸುತ್ತಿದ್ದಳು. ಅಡುಗೆಮನೆಯಲ್ಲಿ ಇಬ್ಬರೂ ಪಿಸುಗುಟ್ಟುವುದನ್ನು ಕೇಳಿ, ತನ್ನ ರಕ್ತದೊತ್ತಡದ ಬಗ್ಗೆ ಗುಟ್ಟಾಗಿ ಮಾತಾಡುತ್ತಿದ್ದಾರೆಂದು ಸರ್ವೇಯರ್ ಅಂದುಕೊಂಡಿದ್ದ. ಈಗ ಅವನಿಗೆ ಅರ್ಥವಾಯಿತೆಂದು ಅವನ ಕಿವಿಯ ಬಣ್ಣ ಹೇಳಿತು.

ಮೂವತ್ತೊಂಬತ್ತಾಯಿತು. ಅಲ್ಲಿಂದ ಮುಂದೆ ಸರಾಗ. ಎರಡೂಮುಕ್ಕಾಲಿಗೆ ಮುಗಿಯಿತು. ಪೆನ್‌ಡ್ರೈವ್ ತೆಗೆದು ಯಂತ್ರವನ್ನು ಮತ್ತೆ ಎಬ್ಬಿಸಿದರು. ಮೂವರೂ ಪರದೆಯ ಮುಂದೆ ಬಗ್ಗಿ ನಿಂತಿದ್ದರು.

ಯಂತ್ರ ‘ಯಾವುದು ಬೇಕು’ ಎಂದು ಕೇಳಲಿಲ್ಲ. ನೇರವಾಗಿ ಹೊಸದು ಎದ್ದು ಬಂದು, ಊದಾ ಬಣ್ಣದ ಖಾಲಿ ಪರದೆ ತೋರಿಸಿ, ಸ್ವಾಗತ ಎಂದಿತು.

“ನನ್ನದು ಎಲ್ಲಿ?” ಸರ್ವೇಯರ್ ಕೇಳಿದ.

ಮತ್ತೆ ಎಬ್ಬಿಸಿದರು. ಹಾಳೆಯಲ್ಲಿ ಹೇಳಿದ ಕೀಲಿ ಒತ್ತಿ ಹಿಡಿದಾಗ ಆಯ್ಕೆಯ ಪಟ್ಟಿಯೇನೋ ಬಂತು. ಪಟ್ಟಿಯಲ್ಲಿ ಒಂದೇ ಹೆಸರು, ಹೊಸದರದ್ದು. ಹಳೆಯದು ಹುಟ್ಟೇ ಇರಲಿಲ್ಲವೆಂಬಂತೆ ಕಪ್ಪು ಪರದೆ ನುಣ್ಣಗಿತ್ತು. ಮೂರನೆಯ ಸಲವೂ ಅಷ್ಟೆ. ಮೂರು ಗಂಟೆ ಹತ್ತು ನಿಮಿಷ.

“ಇರಲಿ ಬಿಡಿ. ಕಾಪಿ ಇದೆಯಲ್ಲ,” ಎಂದಳು ಅತ್ತಿಗೆ.

ಸರ್ವೇಯರ್ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ.

“ಅಲ್ವೇನ್ರೀ?”

“ಇದೆ. ಹೋದ ವರ್ಷದ ಹಿಂದಿನ ವರ್ಷದ್ದು.”

“ಸೋಮವಾರ ಒಪ್ಪಿಸಬೇಕಾಗಿರೋ ನಕ್ಷೆ?”

“ಅದು ಇದರಲ್ಲೇ ಇತ್ತು.”

ಆ ನಕ್ಷೆಗಾಗಿ ಅವನು ಐದು ವಾರ ಬಿಸಿಲಲ್ಲಿ ಅಲೆದಿದ್ದ. ಇಬ್ಬರು ಅಣ್ಣತಮ್ಮಂದಿರು ಗೆರೆಯ ಆಚೀಚೆ ನಿಂತು, ಅವನ ಒಂದೊಂದು ಗೂಟಕ್ಕೂ ಕೂಗಾಡಿದ್ದರು. ಅವನು ಮತ್ತೆ ಅಳೆಯಲು ಬಂದರೆ ಗೂಟ ಅವನ ತಲೆಯ ಮೇಲೇ ಮುರಿಯುವ ಪೈಕಿ.

“ಯಾಕಣ್ಣಾ ಕಾಪಿ ತಗೊಳ್ಳಲಿಲ್ಲ?” ತಂಗಿಯ ದನಿ ಇಳಿದಿತ್ತು. “ಹಾಳೇಲಿ ಮೊದಲೇ ಬರೆದಿತ್ತಲ್ಲ.”

“ಬೆಳಿಗ್ಗೆ ಹತ್ತಕ್ಕೆ ಹಾಕಿದ್ದೆ. ಐದು ಗಂಟೆ ಬೇಕು ಅಂತ ತೋರಿಸ್ತು.” ಅವನು ಗಡಿಯಾರ ನೋಡಿದ. “ನಿಂದು ನಾಲ್ಕಕ್ಕಲ್ವಾ.”

ತಂಗಿ ಈಗ ಓಡಾಡುತ್ತಿರಲಿಲ್ಲ. ಅಲುಗದೆ ನಿಂತಿದ್ದಳು. ಅದನ್ನು ನೋಡಿ ಅತ್ತಿಗೆಗೆ ಹೆದರಿಕೆಯಾಯಿತು.

“ನಾನು ಅವರಿಗೆ ಮೇಲ್ ಹಾಕ್ತೀನಿ. ಆರು ತಿಂಗಳು ತಾನೆ, ಆರು ತಿಂಗಳು ಬಿಟ್ಟು ಬರೀತೀನಿ. ಮೊದಲು ನಿಂದು ಹುಡುಕೋಣ.”

“ಕೂತ್ಕೊ.”

“ಅಣ್ಣಾ, ಇದಕ್ಕೇನಾದ್ರೂ ಆದ್ರೆ...”

“ಗೆರೆ ಎಳೆದವನು ನಾನು. ತಪ್ಪಿದ್ರೆ ಗೆರೆ ತಪ್ಪಿದೆ, ನೀನಲ್ಲ. ಕೂತ್ಕೊಂಡು ಬರಿ.” ಬಾಗಿಲ ಬಳಿ ನಿಂತು ಸೇರಿಸಿದ, “ನೀನು ಆರು ತಿಂಗಳು ಹೀಗೇ ಸುತ್ತುತಾ ಇದ್ರೆ ನನ್ನ ನೆಲ ಸವೆದುಹೋಗುತ್ತೆ.”

ಪ್ರೋಗ್ರಾಮು ಇಳಿಸಿ ಹಾಕಲು ಅರ್ಧ ಗಂಟೆ ಹಿಡಿಯಿತು. ನಾಲ್ಕಕ್ಕೆ ಪರೀಕ್ಷೆ ತೆರೆಯಿತು. ಕೋಣೆಯಲ್ಲಿ ಬೇರಾರೂ ಇಲ್ಲವೆಂದು ಕ್ಯಾಮೆರಾ ತಿರುಗಿಸಿ ತೋರಿಸಲು ಹೇಳಿತು. ಅವಳು ಸುರುಳಿ ಸುತ್ತಿದ ನಕ್ಷೆಗಳನ್ನು, ಬೀರುವನ್ನು, ಅದರ ಹಿಂದಿನಿಂದ ಇಣುಕುತ್ತಿದ್ದ ಮಂಚದ ಕಾಲನ್ನು ತೋರಿಸಿದಳು.

ಕೋಣೆಯಲ್ಲಿ ಯಾರೂ ಇರಲಿಲ್ಲವೆಂಬುದು ನಿಜ. ಆದರೆ ಹೊರಗಿನ ಮೊಗಸಾಲೆಯಲ್ಲಿ ಸರ್ವೇಯರ್ ನಡೆಯುತ್ತಿದ್ದ. ಹದಿನಾಲ್ಕು ಹೆಜ್ಜೆ, ತಿರುಗು, ಹದಿನಾಲ್ಕು ಹೆಜ್ಜೆ. ಹೆಡ್‌ಫೋನಿನ ಒಳಗೂ ಅದು ಕೇಳುತ್ತಿತ್ತು, ಅಥವಾ ಕೇಳುತ್ತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಮೊದಲ ಡಾಕ್ಟರು ಬಾಯಲ್ಲಿ ಏನನ್ನೋ ಇಟ್ಟುಕೊಂಡು ಮಾತಾಡಿದ್ದ. ಎರಡನೆಯವಳು ಎಲ್ಲಿಗೋ ಓಡುತ್ತಿದ್ದಳು. ಮೂರನೆಯವನ ಒಂದು ವಾಕ್ಯದಲ್ಲಿ ಅವಳು ಸಿಕ್ಕಿಕೊಂಡಳು. ಪೆಡಲನ್ನು ಒತ್ತಿ ನಾಲ್ಕು ಸಲ ಹಿಂದಕ್ಕೆ ಓಡಿಸಿದಳು: ಎರಡೂ ಕಿವಿ ಸರಿಯಾಗಿವೆ, ಕೇಳುವುದಿಲ್ಲವೆಂದು ಮನೆಯವರ ದೂರು. ನಾಲ್ಕನೆಯ ಸಲಕ್ಕೆ ಬೆರಳು ತಾನೇ ಬರೆಯಿತು. ಮಾತ್ರೆಗಳ ಹೆಸರು ಬಂದಾಗ ಅವು ಅಡುಗೆಮನೆಯ ಪಿಸುಮಾತಿನಲ್ಲಿ ಬಂದವು, ಒಂದೂ ತಪ್ಪದೆ. ಕೊನೆಯ ರೆಕಾರ್ಡನ್ನು ಒಪ್ಪಿಸಿದಾಗ ಗಡಿಯಾರದಲ್ಲಿ ಉಳಿದಿದ್ದುದು ಹನ್ನೊಂದು ಸೆಕೆಂಡು.

ಅವಳು ಅಣ್ಣನನ್ನು ಕೂಡಲೇ ಕರೆಯಲಿಲ್ಲ. ಹೊಸದರ ಕಡತಗಳ ಕಿಟಕಿ ತೆರೆದಳು. ಎಡ ಅಂಚಿನಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣದಾಗಿ ಒಂದು ಪೆಟ್ಟಿಗೆಯ ಚಿತ್ರವಿತ್ತು. ಅದರ ಪಕ್ಕ: 245 ಜಿಬಿ. ಒತ್ತಿದಳು. ತೆರೆಯಿತು. ಒಳಗೆ ವರ್ಷಗಳ ಹೆಸರು ಹೊತ್ತ ಫೋಲ್ಡರುಗಳು ಸಾಲಾಗಿ ಕೂತಿದ್ದವು. ಸೋಮವಾರದ್ದು ಎಲ್ಲಕ್ಕಿಂತ ಕೆಳಗೆ.

“ಅಣ್ಣಾ.”

ಹೆಜ್ಜೆ ನಿಂತಿತು. ಅವನು ಒಳಗೆ ಬಂದು, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದ. ಅತ್ತಿಗೆ ಅವನ ಹಿಂದೆಯೇ ಬಂದಿದ್ದಳು.

“ನಿನ್ನ ಕಡೆಯಿಂದ ನನ್ನದು ಕಾಣ್ತಿದೆ ಅನ್ನು.”

“ಹೂಂ. ನಿನ್ನ ಕಡೆಯಿಂದ ನಂದು ಕಾಣಲ್ವಂತೆ. ಹಳೆಯದಕ್ಕೆ ಹೊಸದನ್ನ ಓದೋಕೆ ಬರಲ್ಲ.”

“ಅದು ಗೊತ್ತಾಯ್ತು,” ಎಂದ ಸರ್ವೇಯರ್. “ಬೆಳಿಗ್ಗೇನೇ.”

ಹಳೆಯದು ಪಟ್ಟಿಯಲ್ಲಿ ಕಾಣದಿದ್ದ ಕಾರಣ ಫೋನಿನಲ್ಲಿ ಹುಡುಕಿದಾಗ ಸಿಕ್ಕಿತು. ಅಕ್ಕಪಕ್ಕ ಬೇರೆ ಸಿಸ್ಟಮ್ ಇದೆಯೇ ಎಂದು ನೋಡಲು ಹೇಳುವ ಸೂಚನೆಯ ಸಾಲೊಂದನ್ನು ಹೊಸದರಲ್ಲಿ ಮೊದಲೇ ಬಾಯಿ ಕಟ್ಟಿ ಇಟ್ಟಿರುತ್ತಾರಂತೆ. ಸಾಲಿನ ಮುಂದಿನ ಒಂದು ಚಿಹ್ನೆ ಅಳಿಸಿ, ಒಂದು ಆಜ್ಞೆ ಕೊಟ್ಟರೆ ಸಾಕು.

“ಪಕ್ಕದ ಮನೇಲಿ ಯಾರಿದ್ದಾರೆ ಅಂತ ನೋಡಲೇಬಾರದು ಅಂತಾನಾ?” ಅತ್ತಿಗೆ ಕೇಳಿದಳು. “ಫ್ಲಾಟಲ್ಲಿ ಹುಟ್ಟಿದ್ದು ಇರ್ಬೇಕು.”

ಅಳಿಸಿ, ಆಜ್ಞೆ ಕೊಟ್ಟು ಎಬ್ಬಿಸಿದರು. ಈ ಸಲ ಎರಡು ಹೆಸರು ಒಂದರ ಕೆಳಗೊಂದು ಬಂದವು. ಸರ್ವೇಯರ್ ಎರಡನೆಯದನ್ನು ಒತ್ತಿದ. ಸೋಮವಾರದ ನಕ್ಷೆ ತೆರೆದು ಅದರ ಪ್ರತಿ ಮೂಲೆಗೂ ಹೋಗಿ ಬಂದ. ಒಂದು ಮೂಲೆಯಲ್ಲಿ ಹಳೆಯ ತಪ್ಪೊಂದು ಕಂಡಿತು. ಅದನ್ನು ತಿದ್ದುತ್ತ ಕೂತವನು ಅತ್ತಿಗೆ ಪಾಳಿಗೆ ಹೊರಟದ್ದನ್ನೂ ನೋಡಲಿಲ್ಲ.

ಮೂರನೆಯ ದಿನ ಕಂಪನಿಯ ಉತ್ತರ ಬಂತು. ಆಯ್ಕೆಯಾಗಿದ್ದಳು. ಆದರೆ ಉತ್ತರದ ಕೊನೆಯಲ್ಲಿ ಒಂದು ಷರತ್ತಿತ್ತು. ರೋಗಿಗಳ ಗುಟ್ಟು ಹೊರಬೀಳದಿರಲೆಂದು, ಪರೀಕ್ಷೆ ಬರೆದ ಯಂತ್ರವನ್ನೇ ಅವರು ಗುರುತು ಹಾಕಿಕೊಂಡಿದ್ದಾರೆ. ಮೊದಲ ವರ್ಷ ಕೆಲಸ ಆ ಯಂತ್ರದಲ್ಲಿ, ಆ ಕೋಣೆಯಲ್ಲಿ ಮಾತ್ರ ನಡೆಯಬೇಕು.

ತಂಗಿ ಅದನ್ನು ಓದಿ ಮೂರು ಮಹಡಿ ಇಳಿದು ಮೂರು ಮಹಡಿ ಹತ್ತಿ ಬಂದಳು. ಅತ್ತಿಗೆ ಓದಿ, ಗೋಡೆ ಹಿಡಿದುಕೊಂಡು ನಕ್ಕಳು. “ಇಷ್ಟು ದಿನ ಹಗಲೆಲ್ಲ ಮನೆ ಸುತ್ತಿ ರಾತ್ರಿ ಈ ಕೋಣೇಲಿ ಮಲಗ್ತಿದ್ದೆ. ಇನ್ಮೇಲೆ ರಾತ್ರಿ ಅಲ್ಲಿ ಮಲಗಿ ಹಗಲೆಲ್ಲ ಇಲ್ಲಿ.”

“ಹೋಗೋದೇ ಬೇಡ ಅಂತೀರಾ?”

“ನಾನೆಲ್ಲೇ ಅಂದೆ? ಹೋಗು. ಬಾಗಿಲು ಹಾಕಿಕೊಂಡು ಮಲಗೋದು ಅಂದ್ರೇನು ಅಂತ ನೋಡು. ಆಮೇಲೆ ನನಗೂ ಹೇಳು.”

ಸರ್ವೇಯರ್ ಓದಿ, ಒಂದು ಹಾಳೆ ತೆಗೆದುಕೊಂಡು ದಿನವನ್ನು ಚೌಕವಾಗಿ ಬರೆದ. ಒಂಬತ್ತರಿಂದ ಐದರವರೆಗೆ ಅವಳದು. ಅದಕ್ಕೆ ಮುಂಚೆ, ಆಮೇಲೆ ಅವನದು. ಹೊಸ ಕೋಣೆಯ ಬಗ್ಗೆ ಏನೂ ಕೇಳಲಿಲ್ಲ. ಸಾಮಾನು ಸಾಗಿಸಿದ ದಿನ ಮಂಚವನ್ನು ತಾನೊಬ್ಬನೇ ಹೊತ್ತು ಬೀದಿಯವರೆಗೆ ಇಳಿಸಿದ. ಅಲ್ಲಿಂದಾಚೆಗೆ ಯಾವುದೋ ಕಾಗದ ನೋಡಬೇಕೆಂದು ಹಿಂತಿರುಗಿದ.

ಕೆಲಸದ ಮೊದಲ ದಿನ ಅವಳು ಎಂಟೂಮುಕ್ಕಾಲಿಗೇ ಬಂದು ಬೆಲ್ ಮಾಡಿದಳು. ಹನ್ನೊಂದು ತಿಂಗಳು ಇದ್ದ ಮನೆಯ ಬೆಲ್ ಅವಳು ಒತ್ತಿದ್ದು ಅದೇ ಮೊದಲು. ಸರ್ವೇಯರ್ ಇನ್ನೂ ಪರದೆಯ ಮುಂದಿದ್ದ. ಅವಳು ಅವನ ಬೆನ್ನ ಹಿಂದೆ ನಿಂತು ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದಳು.

“ಐದು ನಿಮಿಷ,” ಎಂದ. ತಿರುಗದೆಯೇ ಕೇಳಿದ, “ನೀರು ಬರುತ್ತಾ ಅಲ್ಲಿ?”

“ಬರುತ್ತೆ. ಬೆಳಿಗ್ಗೆ ಮಾತ್ರ.”

“ಗಾಳಿ?”

“ಕಿಟಕಿ ಇದೆ. ಪೂರ್ತಿ ತೆಗೆಯೋಕಾಗಲ್ಲ, ಬೀರು ಅಡ್ಡ ಬರುತ್ತೆ.”

“ಎಷ್ಟಿದೆ ಕೋಣೆ?”

“ಹನ್ನೊಂದಕ್ಕೆ ಒಂಬತ್ತು.”

“ಯಾರು ಹೇಳಿದ್ದು?”

“ಮನೆ ಮಾಲೀಕರು.”

“ಮಾಲೀಕರು ಗೋಡೆ ಸೇರಿಸಿ ಹೇಳ್ತಾರೆ.” ಅವನು ನಕ್ಷೆ ಉಳಿಸಿ ಮುಚ್ಚಿದ. “ಐದಕ್ಕೆ ಮುಗಿಯುತ್ತಲ್ಲ ನಿಂದು? ಟೇಪ್ ತಗೊಂಡು ಜೊತೇಲಿ ಬರ್ತೀನಿ. ಅಳೆದು ನೋಡೋಣ.”

“ಐದರ ಮೇಲೆ ಕಂಪ್ಯೂಟರ್ ನಿಂದಲ್ವಾ?”

“ಒಂದು ದಿನ ಮಲಗಿರ್ಲಿ ಬಿಡು.”

“ಅಳೆದು ಏನ್ಮಾಡ್ತೀಯ? ಚಿಕ್ಕದು ಅಂತ ಗೊತ್ತಾದ್ರೆ ಬಿಟ್ಟು ಬಾ ಅಂತೀಯ?”

ಸರ್ವೇಯರ್ ಕುರ್ಚಿಯಿಂದ ಎದ್ದ.

“ಚಿಕ್ಕದು ಅಂತ ಗೊತ್ತಾದ್ರೆ ಆ ಬೀರು ಎಲ್ಲಿಡಬೇಕು ಅಂತ ಹೇಳ್ತೀನಿ,” ಎಂದ.